ಪರಿಷೆಗೆ ಹೋಗಿ ಮುದ್ದೆ ಉಂಡು ಬಂದೆ

ನಮ್ಮದು ಶಿರಾ ತಾಲ್ಲೂಕು. ಆರು ಎಕರೆ ಬೆದ್ದಲು, ಕೊಳವೆಬಾವಿ ಇಲ್ಲ. ಹತ್ತು ಹನ್ನೆರಡು ವರ್ಷದಿಂದ ಪೂರಾ ಕಡಲೆಕಾಯಿ ಹಾಕುತ್ತಿದ್ದೆ. ರಾಗಿ ಬಿಟ್ಟೇಬಿಟ್ಟಿದ್ದೆ. ಕಳೆ ಕೀಳೋಕೆ ಆಳಿಲ್ಲ, ಕೊಯ್ಯೋಕೆ ಆಳಿಲ್ಲ, ಅಂಗಡೀಲಿ ಹಿಟ್ಟು ಸಿಗ್ತದಲ್ಲ ಅನ್ನೋದು ನನ್ನ ಲೆಕ್ಕ.

2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 223 ತಾಲ್ಲೂಕು ಬರದ ಪಟ್ಟಿಗೆ ಸೇರಿದವು. ಆರು ಎಕರೆಗೆ ನನಗೆ ಬಂದದ್ದು ಎಂಟು ಮೂಟೆ ಕಾಯಿ. ಮಂಡಿಗೆ ಹಾಕಿದರೆ ಬೀಜದ ಸಾಲವೂ ತೀರುವುದಿಲ್ಲ. ಬಿಡಿಯಾಗಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು ಎಂದು ಭಾವಮೈದನನ್ನು ಕರೆದುಕೊಂಡು, ಮೂರು ಮೂಟೆ ಬಸ್ಸಿಗೆ ಹಾಕಿ ಬೆಂಗಳೂರಿನ ಬಸವನಗುಡಿಗೆ ಹೊರಟೆ. ಕಾರ್ತೀಕದ ಕಡೇ ಸೋಮವಾರ ದೊಡ್ಡ ಬಸವಣ್ಣನ ಮುಂದೆ ನಡೆಯುವ ಕಡಲೆಕಾಯಿ ಪರಿಷೆ ನಿಮಗೆಲ್ಲ ಗೊತ್ತೇ ಇದೆ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಚುರುಗುಟ್ಟಿತು. ರಾಶಿ ಭಾವಮೈದನಿಗೆ ವಹಿಸಿ ಗಾಂಧಿ ಬಜಾರಿನ ಕಡೆ ನಡೆದೆ. ಅಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಜನವೋ ಜನ. ದೋಸೆ ರುಚಿಯೇ, ಆದರೆ ನಮ್ಮಂಥೋರಿಗೆ ಅದು ಊಟ ಆಗೋದಿಲ್ಲ. ಪಕ್ಕದ ಬೀದಿಗೆ ತಿರುಗಿದೆ. ನಾಲ್ಕು ಮೇಜಿನ ಸಣ್ಣ ಹೋಟೆಲು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಬಿಸಿ ಮುದ್ದೆ, ಬಸ್ಸಾರು’ ಎಂದು ಬರೆದಿತ್ತು. ಒಳಗೆ ಹೋದೆ.

ತಟ್ಟೆಯಲ್ಲಿ ಕಂಡ ಹೊಲ

ಮುದ್ದೆ ಹೊಗೆಯಾಡುತ್ತಿತ್ತು. ಮುರಿದು ನೋಡಿದೆ, ಒಂದು ಗಂಟಿಲ್ಲ. ಅಲಸಂದೆ ಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ನೀರಿಗೆ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿದ ಸಾರು. ಬಸಿದ ಕಾಳು ಸೊಪ್ಪು ಪಲ್ಯವಾಗಿ ಪಕ್ಕದಲ್ಲಿ. ಹುಚ್ಚೆಳ್ಳಿನ ಚಟ್ನಿ ಬೇರೆ. ತುತ್ತು ಸಾರಿನಲ್ಲಿ ಅದ್ದಿ ನುಂಗಿದೆ. ಮಾತಾಡದೆ ಎರಡು ಮುದ್ದೆ ಉಂಡೆ.

ಉಂಡು ಕೈ ತೊಳೆಯುವಾಗ ಹೊಳೆಯಿತು. ರಾಗಿ, ಅಲಸಂದೆ, ಸೊಪ್ಪು, ಹುಚ್ಚೆಳ್ಳು ಎಲ್ಲವೂ ನಮ್ಮಪ್ಪ ಒಂದೇ ಹೊಲದಲ್ಲಿ ಅಕ್ಕಡಿ ಸಾಲಿಟ್ಟು ಬೆಳೆಯುತ್ತಿದ್ದವು. ಈಗ ಅದರಲ್ಲಿ ಒಂದೂ ನನ್ನ ಹೊಲದಲ್ಲಿಲ್ಲ.

ಹೋಟೆಲಿನಾಕೆ ಕುಣಿಗಲ್ ಕಡೆಯವರು. ನನ್ನ ವೇಷ ನೋಡಿ, “ಯಜಮಾನ್ರೇ, ಪರಿಷೆಗೆ ಬಂದಿದ್ದೀರಾ? ನಿಮ್ಮ ಹೊಲದ ರಾಗಿ ಇದ್ರೆ ತಂದ್ಕೊಡಿ. ಮಳೆಗಾಲದಲ್ಲಿ ಅಣ್ಣೆಸೊಪ್ಪು ಸಿಕ್ರೂ ತನ್ನಿ” ಅಂದರು.

“ರಾಗಿ ಹಾಕ್ತಿಲ್ಲ ಕಣವ್ವ” ಅಂದೆ.

“ಮತ್ತೆ ಮನೇಲಿ ಏನ್ ಉಣ್ತೀರಿ?”

ಉತ್ತರ ಬಾಯಿಗೆ ಬರಲಿಲ್ಲ. ರೇಷನ್ ಅಕ್ಕಿ, ಅಂಗಡಿ ಹಿಟ್ಟು ಅಂತ ಹೇಳಲು ನಾಚಿಕೆಯಾಯಿತು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ. ಅಂದರೆ ಮುದ್ದೆಯೊಳಗಿನ ರಾಗಿಗೆ ನಾಲ್ಕು ರೂಪಾಯಿಯೂ ಇಲ್ಲ. ಊಟಕ್ಕೆ ನಾನು ಕೊಟ್ಟದ್ದು 90. ಆಕೆಗೂ ಬಾಡಿಗೆ, ಗ್ಯಾಸು, ಆಳಿನ ಕೂಲಿ ಇದೆ, ತಪ್ಪು ಹೇಳುತ್ತಿಲ್ಲ. ಆದರೆ ಆ ನಾಲ್ಕು ರೂಪಾಯಿಯ ರಾಗಿಯನ್ನೂ ನಾನು ಕೊಂಡು ತಿನ್ನುತ್ತಿದ್ದೆನಲ್ಲ!

ಒಂದು ಎಕರೆ ವಾಪಸ್ಸು

2024ರ ಜುಲೈ ಕೊನೆಗೆ ಒಂದು ಎಕರೆಗೆ ಎಂ.ಎಲ್.-365 ರಾಗಿ ಬಿತ್ತಿದೆ. ಎಂಟು ಸಾಲು ರಾಗಿಗೆ ಎರಡು ಸಾಲು ಅಕ್ಕಡಿ: ಅವರೆ, ಅಲಸಂದೆ. ಬದುವಿನ ಪಕ್ಕ ಹುಚ್ಚೆಳ್ಳು. ಎರಡು ಸಲ ಕುಂಟೆ ಹೊಡೆದೆ. ಕಳೆನಾಶಕ ಹೊಡೆಯದ ಕಾರಣ ಅಣ್ಣೆಸೊಪ್ಪು ತಾನಾಗೇ ಬಂತು, ಮನೆಯವಳು ಮಡಿಲು ತುಂಬ ಕಿತ್ತು ತಂದಳು. ಒಕ್ಕಣೆಗೆ ಮೆಷಿನ್ ಬಾಡಿಗೆ ತಂದೆ. ಏಳು ಕ್ವಿಂಟಾಲ್ ರಾಗಿ, 40 ಕಿಲೋ ಕಾಳು ಸಿಕ್ಕಿತು. ಎರಡು ದನಕ್ಕೆ ಆರು ತಿಂಗಳಿನ ಹುಲ್ಲು ಬಂತು. ಹಿಂದಿನ ವರ್ಷ ಹುಲ್ಲನ್ನು ದುಡ್ಡು ಕೊಟ್ಟು ತಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ 50 ಕಿಲೋ ರಾಗಿ ಆ ಹೋಟೆಲಿಗೆ ಒಯ್ದೆ. ಆಕೆ ಹಿಡಿ ರಾಗಿ ಅಂಗೈಲಿ ಉಜ್ಜಿ, ಊದಿ ನೋಡಿ, ಕಿಲೋಗೆ 50 ರೂಪಾಯಿ ಕೊಟ್ಟರು. ಆ ಸಾಲಿನ ಬೆಂಬಲ ಬೆಲೆ 42 ರೂಪಾಯಿ 90 ಪೈಸೆ. ಬಸ್ಸಿನ ಖರ್ಚು ಕಳೆದರೆ ನನಗೆ ಹೆಚ್ಚೇನೂ ಉಳಿಯಲಿಲ್ಲ. ಉಂಡದ್ದಕ್ಕೆ ಆಕೆ ದುಡ್ಡು ತೆಗೆದುಕೊಂಡರು. ವ್ಯಾಪಾರ ಅಂದಮೇಲೆ ಹಾಗೇ ಇರಬೇಕು.

ರಾಗಿಯಿಂದ ಸಾಹುಕಾರನಾಗಬಹುದು ಎಂದು ನಾನು ಹೇಳುವುದಿಲ್ಲ. ಐದು ಎಕರೆ ಈಗಲೂ ಕಡಲೆಕಾಯಿಯೇ. ಆದರೆ ಕಾಯಿ ಕೈಕೊಟ್ಟ ವರ್ಷ ಮನೆಯ ವಾಡೆ ಖಾಲಿ ಇರಬಾರದು. ಮನೆ ಮಂದಿಗೆ, ದನಕ್ಕೆ ಆಗುವಷ್ಟಾದರೂ ಒಂದು ಮೂಲೆ ರಾಗಿಗೆ ಬಿಡಿ. ನೆರೆಯಲ್ಲಿ ನಾಲ್ಕು ಜನ ಸೇರಿದರೆ ಪಟ್ಟಣಕ್ಕೆ ಒಟ್ಟಿಗೆ ಸಾಗಿಸಬಹುದು, ಖರ್ಚೂ ಹಂಚಿಹೋಗುತ್ತದೆ. ನಮ್ಮೂರಲ್ಲಿ ಸದ್ಯ ಇಬ್ಬರಾಗಿದ್ದೇವೆ.