ಹೇಗಿದ್ದೀರಿ ಎಂದರೆ ಉತ್ತರಿಸಬೇಕಾದವರು ಯಾರು?

1982ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಜಚಕ್ ಮತ್ತು ಸಂಗಡಿಗರ ಪುಟ್ಟ ಅಧ್ಯಯನವೊಂದು ಪ್ರಕಟವಾಯಿತು. ಬಿ.ಪಿ. ಮಾತ್ರೆ ನುಂಗುತ್ತಿದ್ದ 75 ಮಂದಿಯ ಬಗ್ಗೆ ಅವರು ಮೂರು ಕಡೆ ವಿಚಾರಿಸಿದ್ದರು. ವೈದ್ಯರ ಪ್ರಕಾರ ಎಲ್ಲರೂ ಸುಧಾರಿಸಿದ್ದರು. ರೋಗಿಗಳಲ್ಲಿ ಹಾಗೆಂದವರು ಶೇ 48 ಮಾತ್ರ. ಮನೆಯವರನ್ನು ಕೇಳಿದರೆ ಕಥೆಯೇ ಬೇರೆ: ಲವಲವಿಕೆ ಹೋಗಿದೆ, ಸಿಡುಕು ಹೆಚ್ಚಿದೆ, ಮೊದಲಿಗಿಂತ ಕೆಟ್ಟಿದ್ದಾರೆ ಎಂದೇ ಬಹುತೇಕ ಎಲ್ಲರೂ ದೂರಿದರು.

ರಕ್ತದೊತ್ತಡವೇನೋ ಹತೋಟಿಗೆ ಬಂದಿತ್ತು. ವೈದ್ಯರು ಸುಳ್ಳು ಹೇಳಿರಲಿಲ್ಲ, ಅವರು ಅಳೆದದ್ದು ಅದೊಂದನ್ನೇ.

ಬದುಕನ್ನೂ ಅಳೆಯಬೇಕೆಂಬ ಯೋಚನೆ ಅದಕ್ಕೂ ಹಳೆಯದು. 1940ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಡೇವಿಡ್ ಕಾರ್ನಾಫ್ಸ್ಕಿ, ಯುದ್ಧಕಾಲದ ವಿಷಾನಿಲ ಸಂಶೋಧನೆಯಿಂದ ಬಂದ ನೈಟ್ರೋಜನ್ ಮಸ್ಟರ್ಡನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ಗಡ್ಡೆ ಕುಗ್ಗಿದರೂ ಮನುಷ್ಯ ಹಾಸಿಗೆ ಬಿಟ್ಟೇಳದಿದ್ದರೆ ಏನು ಬಂತು? ಅವರೂ ಸಹೋದ್ಯೋಗಿಗಳೂ ನೂರರ ಅಳತೆಯೊಂದನ್ನು ಮಾಡಿದರು. ಯಾವ ತೊಂದರೆಯೂ ಇಲ್ಲದವನಿಗೆ 100, ತನ್ನ ಕೆಲಸ ತಾನು ಮಾಡಿಕೊಂಡರೂ ದುಡಿಯಲಾಗದವನಿಗೆ 70, ಸತ್ತವನಿಗೆ 0. ಇದು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಅಂಕ ಕೊಡುವವರು ವೈದ್ಯರೇ, ಪರೀಕ್ಷೆ ಬರೆದವರ ಮಾತಿಗೆ ಅಲ್ಲಿ ಜಾಗವಿಲ್ಲ.

1976ರಲ್ಲಿ ವೈದ್ಯರಾದ ಪ್ರೀಸ್ಟ್‌ಮನ್ ಮತ್ತು ಬಾಮ್ ಪೆನ್ನನ್ನು ರೋಗಿಯ ಕೈಗಿತ್ತರು. ಸ್ತನ ಕ್ಯಾನ್ಸರ್ ಉಲ್ಬಣಿಸಿದ್ದ ಮಹಿಳೆಯರು ತಮ್ಮ ನೋವು, ವಾಕರಿಕೆ, ಮನಸ್ಸಿನ ಸ್ಥಿತಿ ಎಷ್ಟೆಂದು ಉದ್ದನೆಯ ಗೆರೆಯ ಮೇಲೆ ತಾವೇ ಗುರುತು ಹಾಕಿದರು. 1993ರಲ್ಲಿ ಯುರೋಪಿನ ಕ್ಯಾನ್ಸರ್ ಸಂಶೋಧಕರ 30 ಪ್ರಶ್ನೆಗಳ ಪಟ್ಟಿ ಬಂತು. ಭಾರದ ಚೀಲ ಹೊರಲು ಕಷ್ಟವೇ, ಊಟಕ್ಕೆ, ಬಟ್ಟೆ ಹಾಕಿಕೊಳ್ಳಲು, ಶೌಚಕ್ಕೆ ಯಾರಾದರೂ ಬೇಕೇ, ಚಿಕಿತ್ಸೆಯಿಂದ ಕೈ ಬರಿದಾಗಿದೆಯೇ ಎಂದೆಲ್ಲ ಅದು ಕೇಳುತ್ತದೆ. ನಮ್ಮಲ್ಲಿ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕಿತ್ತೇನೋ. ಬದುಕಿನ ಗುಣಮಟ್ಟ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ರೂಪುಗೊಂಡಾಗ ದೆಹಲಿ, ಚೆನ್ನೈ ಕೇಂದ್ರಗಳೂ ಅದರಲ್ಲಿದ್ದವು. ಅದರ 26 ಪ್ರಶ್ನೆಗಳ ಚಿಕ್ಕ ರೂಪ ಕನ್ನಡದಲ್ಲೂ ಬಳಕೆಯಲ್ಲಿದೆ.

ಇದೆಲ್ಲ ಬರೀ ಫಾರಂ ತುಂಬುವ ಕೆಲಸ ಎನ್ನುವವರು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವನ್ನು ನೋಡಬೇಕು. ಈಥನ್ ಬ್ಯಾಶ್ ತಂಡ ಕೀಮೋ ಪಡೆಯುತ್ತಿದ್ದ 766 ಜನರನ್ನು ಎರಡು ಗುಂಪು ಮಾಡಿತ್ತು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು, ಅವು ತೀವ್ರವಾದರೆ ನರ್ಸ್‌ಗಳಿಗೆ ಸುದ್ದಿ ಹೋಗುತ್ತಿತ್ತು. ಇವರು ಬದುಕಿದ ಮಧ್ಯಕ ಅವಧಿ 31.2 ತಿಂಗಳು, ಎಂದಿನ ಚಿಕಿತ್ಸೆಯವರದು 26.

ಡಾಕ್ಟರು ಅಮ್ಮನನ್ನು ಕೇಳಿದರೆ ಮಗನೇ ಉತ್ತರ ಹೇಳುವುದು ನಮ್ಮ ಹೊರರೋಗಿ ವಿಭಾಗಗಳ ರೂಢಿ. ಇಂಥ ಫಾರಂ ಬಂದಾಗ ಅಮ್ಮನ ಕೈಗೇ ಕೊಡಿ. ಕಣ್ಣು ಮಂಜಾಗಿದ್ದರೆ ಪ್ರಶ್ನೆ ಓದಿ ಹೇಳಿ, ಉತ್ತರ ಮಾತ್ರ ಅವರೇ ಹೇಳಲಿ.