ಕೇಳುವ ಇಚ್ಛೆ

ಕಳೆದ ಮಳೆಗಾಲದಲ್ಲಿ ಒಂದು ದಿನ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸಾರ್, ಶುಶ್ರೂಷೆ ಎಂಬ ಮಾತು ಎಲ್ಲಿಂದ ಬಂತು?" ಎಂದು ಕೇಳಿದಳು. ಅವಳ ಅಕ್ಕ ದಾದಿಯರ ತರಬೇತಿಗೆ ಸೇರಿದ್ದಳಂತೆ. ಮನೆಯಲ್ಲಿ ಆ ಮಾತು ಬಂದಿತ್ತಂತೆ. ವ್ಯಾಕರಣದ ಪ್ರಶ್ನೆಯನ್ನು ತಾವಾಗಿ ಕೇಳುವ ವಿದ್ಯಾರ್ಥಿಗಳು ಅಪರೂಪ. ನಾನು ಸಂತೋಷದಿಂದಲೇ ಕರಿಹಲಗೆಯ ಮೇಲೆ ಬರೆದೆ. ಪಿಪಾಸೆ ಎಂದರೆ ಕುಡಿಯುವ ಇಚ್ಛೆ. ಜಿಜ್ಞಾಸೆ ಎಂದರೆ ತಿಳಿಯುವ ಇಚ್ಛೆ. ಹಾಗೆಯೇ 'ಶ್ರು' ಧಾತುವಿನಿಂದ ಬಂದ ಶುಶ್ರೂಷೆ ಎಂದರೆ ಕೇಳುವ ಇಚ್ಛೆ. ಗುರುವಿನ ಮಾತನ್ನು ಕೇಳಲು ಬಯಸಿ ಹತ್ತಿರ ಕುಳಿತವನು ಅವನ ಸೇವೆಯನ್ನೂ ಮಾಡಿದನು. ಅಲ್ಲಿಂದ ಮಾತಿಗೆ ಸೇವೆಯ ಅರ್ಥ ಬಂತು. ಕಡೆಗೆ ಅದು ರೋಗಿಯ ಹಾಸಿಗೆಯ ಬಳಿ ಬಂದು ನಿಂತಿತು. 'ಚಿಕಿತ್ಸೆ'ಯೂ ಇದೇ ಸನ್ನಂತ ಕುಲದ ಶಬ್ದ. ಅದರ ಹಿಂದಿರುವುದು ಅರಿಯುವುದು, ಗಮನಿಸುವುದು ಎಂಬ ಧಾತು. ಹೀಗೆ ಆಸ್ಪತ್ರೆಯ ಎರಡು ಮುಖ್ಯ ಮಾತುಗಳಲ್ಲಿ ಒಂದು ಅರಿಯುವುದಕ್ಕೂ ಇನ್ನೊಂದು ಕೇಳುವುದಕ್ಕೂ ಸೇರಿದುದು ಎಂದು ಹೇಳಿ ಪಾಠ ಮುಗಿಸಿದೆ.

ಮುಗಿಸಿ ಹೊರಗೆ ಬಂದ ಮೇಲೆ ನನಗೆ 2019ರ ಆಗಸ್ಟ್ ತಿಂಗಳ ಒಂದು ರಾತ್ರಿ ನೆನಪಾಯಿತು. ಅದನ್ನು ವಾಚಕರ ಮುಂದಿಡುವ ಮೊದಲು ನಮ್ಮ ಸೀಮೆಯ ವಿಷಯವನ್ನು ಸ್ವಲ್ಪ ಹೇಳಬೇಕು.

ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಈ ಕಾಫಿಯ ಗುಡ್ಡಗಳ ನಡುವೆ ಹುಟ್ಟಿದವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ನೆನಪಾಗುವುದು ದಾರಿ. ಮೂಡಿಗೆರೆಯವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಕಳಸದವರು ಕುದುರೆಮುಖದ ಮೇಲೆ ಹಾಯ್ದು ಕಾರ್ಕಳ, ಮಣಿಪಾಲ ಸೇರಬೇಕು. ಇಲ್ಲವೇ ಮೇಲಿನ ಸೀಮೆಯತ್ತ ತಿರುಗಿ ಹಾಸನಕ್ಕೋ ಬೆಂಗಳೂರಿಗೋ ನಡೆಯಬೇಕು. "ಘಟ್ಟದ ಕೆಳಗೆ ಕರಕೊಂಡು ಹೋದರಂತೆ" ಎಂಬ ಒಂದು ಮಾತಿನಲ್ಲಿಯೇ ಕಾಯಿಲೆಯ ತೂಕ ಎಷ್ಟೆಂದು ನಮ್ಮ ಹೆಂಗಸರು ತಿಳಿದುಬಿಡುತ್ತಾರೆ. ರಸ್ತೆಯಿಂದ ದೂರವಿರುವ ಮನೆಗಳಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಗಳುವಿಗೆ ಕಟ್ಟಿ, ಇಬ್ಬರು ಹೆಗಲು ಕೊಟ್ಟು ಜೀಪು ಬರುವ ಜಾಗದವರೆಗೆ ಹೊತ್ತು ತರುವುದುಂಟು. ಇದು ಹಳೆಯ ಕಾಲದ ಚಿತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಕಳಸದ ಕಡೆಯಿಂದ ಇಂಥ ಸುದ್ದಿ ಇಂದಿಗೂ ಮಳೆಗಾಲದಲ್ಲಿ ಪತ್ರಿಕೆಗಳಿಗೆ ಬರುತ್ತದೆ.

ಹಾಗೆಂದು ಈ ಗುಡ್ಡಗಳನ್ನು ವೈದ್ಯಶಾಸ್ತ್ರ ಮರೆತಿತ್ತು ಎನ್ನುವಂತಿಲ್ಲ. ಚಳಿಜ್ವರ ಮಲೆನಾಡನ್ನು ಹಿಂಡುತ್ತಿದ್ದ ಕಾಲದಲ್ಲಿ, 1920ರ ದಶಕದ ಕೊನೆಗೆ, ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಒಂದು ಮೂಡಿಗೆರೆಗೆ ಬಂತು. ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಬೆಳೆದಿದೆಯೇ ಎಂದು ನೋಡುವುದು ಆ ಕಾಲದ ಸಮೀಕ್ಷೆಯ ಮೊದಲ ಹೆಜ್ಜೆ. ಬಯಲುಸೀಮೆಯ ಕೆರೆಯ ಸೊಳ್ಳೆ ಬೇರೆ, ಗುಡ್ಡದ ಹರಿಯುವ ಝರಿಯಲ್ಲಿ ಹುಟ್ಟುವ ಸೊಳ್ಳೆ ಬೇರೆ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಸಲ್ಲದು. ಇದನ್ನು ತಿಳಿಯಲು ಗುಡ್ಡಕ್ಕೇ ಬರಬೇಕಾಗಿತ್ತು. ಡಿ.ಡಿ.ಟಿ. ಬಂದು ಜ್ವರ ಹಿಮ್ಮೆಟ್ಟುವವರೆಗೆ ಬಯಲಿನವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ಹಿರಿಯರು ಹೇಳುವುದುಂಟು.

ಆಮೇಲೆ 1951ರ ತೋಟ ಕಾರ್ಮಿಕರ ಕಾಯಿದೆ ಬಂತು. ಕೂಲಿಯವರಿಗೂ ಅವರ ಮನೆಯವರಿಗೂ ವೈದ್ಯಕೀಯ ಸೌಕರ್ಯ ಒದಗಿಸುವ ಹೊಣೆಯನ್ನು ಅದು ತೋಟದ ಯಜಮಾನರ ಮೇಲೆ ಹೊರಿಸಿತು. ದೊಡ್ಡ ತೋಟಗಳಲ್ಲಿ ಅದರಿಂದ ಉಪಕಾರವಾಯಿತು. ಸಣ್ಣ ತೋಟಗಳು ಅದರ ವ್ಯಾಪ್ತಿಗೆ ಬರಲಿಲ್ಲ, ಮತ್ತು ನಮ್ಮಲ್ಲಿ ಸಣ್ಣ ತೋಟಗಳೇ ಹೆಚ್ಚು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಬೆನ್ನಿಗೇ ಮನುಷ್ಯರೂ ಸತ್ತರು. ಉಣುಗಿನ ಕಡಿತದಿಂದ ಹಬ್ಬುವ ಈ ಮಂಗನ ಕಾಯಿಲೆ ಬಳಿಕ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೂ ಬಂದಿದೆ. ಇದರ ವೈರಾಣುವನ್ನೇ ಕೊಲ್ಲುವ ಔಷಧ ಇಂದಿಗೂ ಇಲ್ಲ. ದೇಹದ ನೀರು ಆರದಂತೆ ನೋಡುವುದು, ರಕ್ತಸ್ರಾವದ ಸೂಚನೆ ಕಂಡೊಡನೆ ಹಿಡಿಯುವುದು, ಜ್ವರ ಇಳಿದು ಮತ್ತೆ ಏರುವ ಎರಡನೆಯ ಸರದಿಯನ್ನು ಎಚ್ಚರದಿಂದ ಕಾಯುವುದು, ಇಷ್ಟೇ ವೈದ್ಯರ ಕೈಯಲ್ಲಿರುವುದು. ಎಂದರೆ, ಇಲ್ಲಿ ಶುಶ್ರೂಷೆಯೇ ಚಿಕಿತ್ಸೆ.

ಈಗ ಆ ರಾತ್ರಿಯ ವಿಷಯ.

ನಮ್ಮ ತಂದೆ ಕಳಸದ ಸಮೀಪದ ತೋಟವೊಂದರಲ್ಲಿ ರೈಟರಾಗಿದ್ದವರು. ನಿವೃತ್ತರಾದ ಮೇಲೆ ಮೂಡಿಗೆರೆಯ ಹತ್ತಿರ ಮನೆ ಮಾಡಿಕೊಂಡಿದ್ದರು. ಮಾತು ಕಡಿಮೆ. ಲೆಕ್ಕದ ಪುಸ್ತಕದಲ್ಲಿ ಹೇಗೋ ಹಾಗೆ ನೋವಿನಲ್ಲಿಯೂ ಬೇಕಾದಷ್ಟೇ ನಮೂದು. ಆ ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡು ಕುಳಿತರು. ಊರಿನ ವೈದ್ಯರು ಇ.ಸಿ.ಜಿ. ತೆಗೆದು, ಇದು ಹೃದಯದ್ದೇ, ದೊಡ್ಡ ಕಡೆಗೆ ಒಯ್ಯಿರಿ ಎಂದರು. ಎಲ್ಲಿಗೆ ಒಯ್ಯುವುದು? ಚಾರ್ಮಾಡಿಯಲ್ಲಿ ಹಲವು ಕಡೆ ಗುಡ್ಡ ಜರಿದು ಸಂಚಾರ ನಿಂತಿತ್ತು. ಬಾಲ್ಯದಿಂದ ನಾವು ನಂಬಿದ್ದ 'ಘಟ್ಟದ ಕೆಳಗೆ' ಆ ವಾರ ಇರಲೇ ಇಲ್ಲ. ಬೇಲೂರಿನ ದಾರಿ ಹಿಡಿದು ಮೇಲಿನ ಸೀಮೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ತಾಯಿ ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮಳೆಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಲ್ಲಿ ತಂದೆಯವರನ್ನು ಒಳಗೆ ತೆಗೆದುಕೊಂಡರು. ಕಾಗದಗಳಿಗೆ ನನ್ನಿಂದ ಸಹಿ ಹಾಕಿಸಿದರು. ತರುಣ ವೈದ್ಯರೊಬ್ಬರು ಬಂದು ತಂದೆಯವರನ್ನು ಪದ್ಧತಿಯಂತೆ ಪ್ರಶ್ನಿಸಿದರು: ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಬೇರೇನಾದರೂ ತೊಂದರೆ ಇದೆಯೇ? ತಂದೆ, "ಏನಿಲ್ಲ" ಎಂದರು. ಪಕ್ಕದಲ್ಲಿ ನಾನು, ಅವರ ಓದಿದ ಮಗ, ನಿಂತಿದ್ದೆ. ವೈದ್ಯರು ಬರೆದುಕೊಂಡು ಹೋದರು. ಅವರಲ್ಲಿ ಲೋಪ ಹುಡುಕಲು ನನಗೆ ಮನಸ್ಸಿಲ್ಲ. ಆ ರಾತ್ರಿ ಅವರೊಬ್ಬರಿಗೆ ಹತ್ತಾರು ರೋಗಿಗಳಿದ್ದರು. ಆದರೆ ಹೊರಗೆ ಬೆಂಚಿನ ಮೇಲೆ ಒದ್ದೆ ಸೀರೆಯಲ್ಲಿ ಕುಳಿತಿದ್ದ ನನ್ನ ತಾಯಿಯೊಡನೆ ಯಾರೂ ಒಂದು ಮಾತನ್ನೂ ಆಡಲಿಲ್ಲ. ಅವರು ಎರಡು ಸಲ ಬಾಗಿಲ ಬಳಿಗೆ ಹೋದರು. ಎರಡು ಸಲವೂ ಕಾವಲಿನವನು ಕೈಸನ್ನೆಯಿಂದಲೇ ಹಿಂದಕ್ಕೆ ಕಳಿಸಿದನು.

ಪಾಳಿ ಬದಲಾಯಿತು. ಹೊಸದಾಗಿ ಬಂದ ದಾದಿ, ವಯಸ್ಸು ಇಪ್ಪತ್ತೈದು ಇರಬಹುದು, ಬಾಗಿಲು ದಾಟುವ ಮೊದಲು ತಾಯಿಯನ್ನು ನೋಡಿ ನಿಂತಳು. "ಏನಮ್ಮಾ, ಊಟ ಮಾಡಿದ್ರಾ?" ಎಂದಳು. ಅಷ್ಟೆ. ತಾಯಿ ಅಲ್ಲಿಯವರೆಗೆ ಅತ್ತಿರಲಿಲ್ಲ; ಆಗ ಅತ್ತರು. "ಅವರೇ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ ಮಗಾ, ನಂಗೆಲ್ಲಿಯ ಊಟ" ಎಂದರು. ಏಕೆ ಉಂಡಿಲ್ಲ ಎಂದು ಹುಡುಗಿ ಕೇಳಿದಳು. ಕೇಳಿ, ಬೆಂಚಿನ ಮೇಲೆ ಕುಳಿತಳು. ಮೊಣಕಾಲು ನೋವಿಗೆ ತಿಂಗಳಿಂದ ಅಂಗಡಿಯ ಮಾತ್ರೆ ನುಂಗುತ್ತಿದ್ದರು. ನಾಲ್ಕು ದಿನದಿಂದ ಹೊಟ್ಟೆ ಉರಿ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತು. ಮಗನಿಗೆ ಹೇಳಬೇಡ ಎಂದಿದ್ದರು. ತಾಯಿ ಇದನ್ನೆಲ್ಲ ತಗ್ಗಿದ ದನಿಯಲ್ಲಿ, ನನ್ನ ಕಡೆ ನೋಡದೆ ಹೇಳಿದರು. ಹುಡುಗಿ ಎದ್ದು ಓಡಿದಳು.

ಕಪ್ಪು ಮಲವೆಂದರೆ ಜಠರದಲ್ಲಿ ರಕ್ತ ಒಸರುತ್ತಿರಬಹುದು ಎಂದರ್ಥವೆಂದು ಆಮೇಲೆ ತಿಳಿಯಿತು. ಹೃದಯದ ನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಅಂಥವರಲ್ಲಿ ಆ ಸ್ರಾವವನ್ನು ಹರಿಯಬಿಟ್ಟೀತು. ವೈದ್ಯರು ಅದನ್ನು ತಡೆದರು. ಬೇರೆ ದಾರಿ ಹಿಡಿದರು. ತಂದೆ ಹನ್ನೆರಡನೆಯ ದಿನ ಮನೆಗೆ ಬಂದರು. ಆ ಮೇಲೆ ಮೂರು ವರ್ಷ ಬದುಕಿದರು.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳು. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವ ಇರಬೇಕೆಂಬುದರ ಜೊತೆಗೆ ಅನುರಾಗವೂ ಇರಬೇಕು ಎಂದಿದೆ. ಅದನ್ನು ಅಲಂಕಾರವಾಗಿ ಸೇರಿಸಿಲ್ಲ, ಉಳಿದ ಗುಣಗಳ ಸಮಕ್ಕೆ ನಿಲ್ಲಿಸಿದೆ. ರೋಗಿಯ ಗುಣಗಳಲ್ಲಿ ಒಂದು, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ. ಇಲ್ಲಿ ನನಗೊಂದು ತಕರಾರಿದೆ. ತಿಳಿಸುವ ಶಕ್ತಿ ಎಲ್ಲ ರೋಗಿಗಳಿಗೂ ಎಲ್ಲಿ ಇರುತ್ತದೆ? ನಮ್ಮ ತಂದೆಯಂಥ ಗಂಡಸರು ನಾಚಿ ಮುಚ್ಚಿಡುತ್ತಾರೆ. ಕೊಯ್ಲಿನ ಕಾಲಕ್ಕೆ ಅಸ್ಸಾಮಿನಿಂದ ಬಂದ ಕೂಲಿಯವನಿಗೆ ಕನ್ನಡ ಬಾರದು. ಅವನನ್ನು ಘಟ್ಟ ಇಳಿಸಿದರೆ ಕನ್ನಡದ ಜೊತೆಗೆ ತುಳುವೂ ಬಾರದು. ಅಂಥವರ ಶಕ್ತಿ ಅವರ ಹೆಂಡತಿಯ ಬಳಿಯೋ ಜೊತೆಯವನ ಬಳಿಯೋ ಇರುತ್ತದೆ, ಮತ್ತು ಆ ಜೊತೆಯವನು ಬಾಗಿಲ ಹೊರಗಿರುತ್ತಾನೆ. ಹಾವು ಕಡಿದವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಸಿದ್ಧಪಡಿಸಿದುದು. ಪಶ್ಚಿಮ ಘಟ್ಟದಲ್ಲಿರುವ, ಮೂಗಿನ ತುದಿ ಮೇಲಕ್ಕೆದ್ದ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆ ಕಡಿತದಿಂದ ಮೂತ್ರಪಿಂಡ ಕೆಡಬಹುದು. ಹಾವು ಹೇಗಿತ್ತೆಂದು ಕಂಡವನು ಗಿಡದ ಬುಡದಲ್ಲಿ ಜೊತೆಗಿದ್ದ ಆಳು. ಅವನನ್ನು ಒಳಗೆ ಕರೆದು ಯಾರಾದರೂ ಕೇಳಬೇಕಷ್ಟೆ.

ಇದು ನಮ್ಮ ಗುಡ್ಡದ ಬುದ್ಧಿ ಮಾತ್ರವಲ್ಲ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬಾಕೆ ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕಡೆಗೆ ವೈದ್ಯೆಯಾಗಿ ಸಾಯುತ್ತಿರುವವರ ಹಾಸಿಗೆಯ ಬಳಿ ಕುಳಿತರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದರು. ರೋಗಿಯ ನೋವೆಂದರೆ ದೇಹದ ನೋವಷ್ಟೇ ಅಲ್ಲ. ಮನೆಯವರ ಚಿಂತೆ, ಹಣದ ಭಯ, ಒಂಟಿತನ ಎಲ್ಲ ಕೂಡಿದ ಇಡೀ ನೋವು ಎಂಬುದು ಅವರು ರೋಗಿಗಳ ಮಾತು ಕೇಳಿ ಕಂಡುಕೊಂಡ ತತ್ತ್ವ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ನಮ್ಮ ಕಡೆಯಿಂದ ಹೋಗುವ ಬಡ ಕುಟುಂಬಗಳನ್ನು ಕಂಡವರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಒಬ್ಬರಿಗೆ ಕಾಯಿಲೆ, ಅದಕ್ಕಾಗಿ ಇಬ್ಬರ ಕೂಲಿ ಹೋಗುತ್ತದೆ, ಮನೆಯ ದನ ನೆರೆಯವರ ಪಾಲಾಗುತ್ತದೆ, ಮಕ್ಕಳು ಅಜ್ಜಿಯ ಮನೆ ಸೇರುತ್ತಾರೆ.

ದಾರಿ ಈಗ ಒಂದಿಷ್ಟು ಚಿಕ್ಕದಾಗಿದೆ ಎಂಬುದನ್ನೂ ಹೇಳಬೇಕು. 2008ರಲ್ಲಿ 108ರ ವಾಹನ ಬಂತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿನ ವೈದ್ಯರು ಕಳಿಸಿದ ಗೆರೆಗಳನ್ನು ಮೊಬೈಲಿನಲ್ಲಿಯೇ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. 2023ರಲ್ಲಿ ಸರ್ಕಾರದ ಹೃದಯಜ್ಯೋತಿ ಯೋಜನೆಯೂ ಅದೇ ಜಾಡಿನಲ್ಲಿ ತಾಲ್ಲೂಕು ಆಸ್ಪತ್ರೆಗಳ ಕಡೆ ನಡೆಯಿತು. ಚಿಕ್ಕಮಗಳೂರಿಗೆ ವೈದ್ಯಕೀಯ ಕಾಲೇಜೂ ಬಂದಿದೆ. ಘಾಟಿ ಜರಿದರೂ ಎದೆಯ ಗೆರೆ ಘಟ್ಟ ಇಳಿಯುತ್ತದೆ, ಸಣ್ಣ ಸಂಗತಿಯಲ್ಲ. ಆದರೆ ಆ ಗೆರೆಯಲ್ಲಿ ನಾಲ್ಕು ದಿನದ ಕಪ್ಪು ಮಲ ಕಾಣುವುದಿಲ್ಲ. ಹೊಸ ಕಟ್ಟಡಗಳ ನಕ್ಷೆ ಹಾಕುವವರು ಯಂತ್ರಕ್ಕೆ ಕೋಣೆ ಮೀಸಲಿಡುವಾಗ, ರೋಗಿಯ ಜೊತೆ ಬಂದವರು ಕುಳಿತು ಮಾತನಾಡಲು ಒಂದು ಕೋಣೆಯನ್ನೂ, ಅವರ ಮಾತು ಕೇಳುವುದೇ ಕೆಲಸವಾಗಿರುವ ಒಬ್ಬ ದಾದಿಯನ್ನೂ ಲೆಕ್ಕಕ್ಕೆ ಹಿಡಿಯಬಾರದೇ? ದಿನಕ್ಕೆ ನೂರು ರೋಗಿಗಳ ನಡುವೆ ಓಡುವವಳಿಗೆ ಬೆಂಚಿನ ಮೇಲೆ ಕುಳಿತುಕೊಳ್ಳುವ ಬಿಡುವನ್ನು ಯಾರಾದರೂ ಕೊಡಬೇಕು. ಅದು ಅವಳ ಒಳ್ಳೆಯತನದ ಮೇಲೆ ಬಿಡುವ ವಿಷಯವಲ್ಲ.

ಆ ಹುಡುಗಿಯ ಹೆಸರನ್ನು ನಾನು ಕೇಳಲಿಲ್ಲ. ತಾಯಿ ಕೇಳಿದ್ದರು. ತಂದೆಯವರು ತೀರಿಕೊಂಡ ವರ್ಷ ಮನೆಯ ಕಾಫಿಪುಡಿಯ ಒಂದು ಪೊಟ್ಟಣ ಕಟ್ಟಿ, ಆಸ್ಪತ್ರೆಯ ವಿಳಾಸಕ್ಕೆ ಅವಳ ಹೆಸರು ಬರೆದು ಅಂಚೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟರು. ಹದಿನೈದು ದಿನದ ಮೇಲೆ ಅದು ಹಾಗೆಯೇ ಹಿಂದಕ್ಕೆ ಬಂತು. ಅವಳು ಆ ಕೆಲಸ ಬಿಟ್ಟು ಹೋಗಿದ್ದಳಂತೆ.