ಗೋಳಿಬಜೆ ಎಣ್ಣೆ ಕುಡಿಯುವುದು ಯಾವಾಗ?

ಮಲ್ಪೆಯ ಕಡಲತೀರದ ಚಿಕ್ಕ ಹೋಟೆಲೊಂದರಲ್ಲಿ, ಮಳೆಗಾಲದ ಸಂಜೆ, ಬಿಸಿ ಗೋಳಿಬಜೆಯ ತಟ್ಟೆಯ ಮುಂದೆ ಕುಳಿತಿದ್ದೆ. ಪಕ್ಕದ ಗಿರಾಕಿಯೊಬ್ಬರು "ಬಜೆ ಎಣ್ಣೆ ಕುಡಿದಿದೆ" ಎಂದು ತಟ್ಟೆಯನ್ನು ದೂರ ತಳ್ಳಿದರು. "ಅಷ್ಟು ಹೊತ್ತು ಬಾಣಲೆಯಲ್ಲಿ ಬಿಟ್ಟರೆ ಇನ್ನೇನಾದೀತು?" ಎಂದು ಯಜಮಾನರು ಅಡಿಗೆಯವನನ್ನು ಗದರಿದರು. ಆತನ ತಪ್ಪು ನಿಜವಾಗಿ ಅಲ್ಲಿತ್ತೆ?

ಗೋಳಿಬಜೆಯ ಹಿಟ್ಟೆಂದರೆ ಮೈದಾ, ಮೊಸರು, ಸೋಡಾ; ಜೊತೆಗೆ ಶುಂಠಿ, ಹಸಿಮೆಣಸು, ತೆಂಗಿನ ಚೂರು. ಮೊಸರಿನ ಆಮ್ಲ ಸೋಡಾದೊಡನೆ ಕೂಡಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ಅನಿಲವು ಹಿಟ್ಟನ್ನು ಹಗುರಗೊಳಿಸುತ್ತದೆ. ಆದರೆ ನಮಗೆ ಇಲ್ಲಿ ಮುಖ್ಯವಾದುದು ಹಿಟ್ಟಿನಲ್ಲಿರುವ ನೀರು.

ಕಾದ ಎಣ್ಣೆಯ ಉಷ್ಣತೆ ಸುಮಾರು 170ರಿಂದ 180 ಡಿಗ್ರಿ ಸೆಂಟಿಗ್ರೇಡ್. ನೀರಾದರೋ ಸಮುದ್ರಮಟ್ಟದಲ್ಲಿ 100 ಡಿಗ್ರಿಯಲ್ಲಿಯೇ ಕುದಿಯುತ್ತದೆ. (ಮಡಿಕೇರಿಯ ಎತ್ತರದಲ್ಲಿ ಸುಮಾರು 96ಕ್ಕೇ ಕುದಿಯುವುದು.) ಹಿಟ್ಟು ಎಣ್ಣೆಗೆ ಬಿದ್ದೊಡನೆ ಏಳುವ ಗುಳ್ಳೆಗಳನ್ನು ಕಂಡು "ಎಣ್ಣೆ ಕುದಿಯುತ್ತಿದೆ" ಎನ್ನುವುದು ವಾಡಿಕೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಹಿಟ್ಟಿನ ನೀರು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಎಣ್ಣೆ ಕೊಡುವ ಶಾಖದ ಬಹುಭಾಗ ಈ ಕೆಲಸಕ್ಕೇ ವ್ಯಯವಾಗುವುದರಿಂದ, ಒಳಗೆ ನೀರಿರುವವರೆಗೂ ಬಜೆಯ ತಿರುಳು 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀರಾರಿದ ಹೊರಸಿಪ್ಪೆ ಮಾತ್ರ ಅದನ್ನು ಮೀರಿ ಕಾದು ಕೆಂಪಾಗಿ ಗರಿಗರಿಯಾಗುತ್ತದೆ.

ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಸಿಪ್ಪೆಯ ಸೂಕ್ಷ್ಮ ರಂಧ್ರಗಳಿಂದ ರಭಸವಾಗಿ ಹೊರನುಗ್ಗುವ ಈ ಆವಿಗೆ ಎದುರಾಗಿ ಎಣ್ಣೆ ಒಳಸೇರುವುದು ಸುಲಭವಲ್ಲ. ಹಾಗಾದರೆ ಅದು ಸೇರುವುದು ಯಾವಾಗ? ಬಹುಪಾಲು, ಬಜೆಯನ್ನು ಬಾಣಲೆಯಿಂದ ಎತ್ತಿದ ಮೇಲೆ! ತಣಿಯತೊಡಗಿದಂತೆ ರಂಧ್ರಗಳೊಳಗಿನ ಆವಿ ಮತ್ತೆ ನೀರಾಗುತ್ತದೆ, ಅಲ್ಲಿನ ಒತ್ತಡ ಕುಸಿಯುತ್ತದೆ, ಮೈಗೆ ಅಂಟಿದ ಎಣ್ಣೆಯ ಪದರವನ್ನು ಹೊರಗಿನ ವಾಯುಭಾರವು ಒಳಗೆ ನೂಕುತ್ತದೆ. ಎಣ್ಣೆಗೆ ಬಣ್ಣ ಬೆರೆಸಿ ಆಲೂಗಡ್ಡೆಯ ಬಿಲ್ಲೆಗಳನ್ನು ಕರಿದು ನೋಡಿದ ಪ್ರಯೋಗಗಳಲ್ಲಿಯೂ ಇದೇ ಕಂಡುಬಂದಿದೆ.

ಎಣ್ಣೆ ಸಾಕಷ್ಟು ಕಾಯದಿದ್ದರೆ ಆವಿಯ ರಭಸ ಕುಗ್ಗಿ, ಸಿಪ್ಪೆ ಕಟ್ಟುವುದು ತಡವಾಗಿ ಬಜೆ ಜಿಡ್ಡಾಗುವುದೂ ಉಂಟು. ಅಂದು ಉರಿಯೇನೋ ಚೆನ್ನಾಗಿತ್ತು. ಆದರೆ ಅವಸರದಲ್ಲಿ ಅಡಿಗೆಯವನು ಜಾಲರಿ ಸೌಟನ್ನು ಕೊಡವದೆ, ಎಣ್ಣೆ ತೊಟ್ಟಿಕ್ಕುತ್ತಿದ್ದ ಬಜೆಗಳನ್ನು ಹಾಗೆಯೇ ತಟ್ಟೆಗೆ ರಾಶಿ ಹಾಕಿದ್ದನು. ಎತ್ತಿದ ಮೊದಲ ಕ್ಷಣಗಳಲ್ಲಿ ಸೌಟನ್ನು ನಾಲ್ಕು ಬಾರಿ ಕೊಡವಿ, ಕಾಗದದ ಮೇಲೆ ಬಿಡಿಬಿಡಿಯಾಗಿ ಹರಡಿದ್ದರೆ ಸಾಕಿತ್ತು.

ಇದನ್ನೆಲ್ಲ ಯಜಮಾನರಿಗೆ ವಿವರಿಸಬೇಕೆಂದು ಎದ್ದೆ. ಅಷ್ಟರಲ್ಲಿ ನನ್ನ ಎರಡನೆಯ ತಟ್ಟೆ ಬಂದಿತು. ಆರುವ ಮೊದಲು ತಿನ್ನಬೇಕಾಗಿತ್ತು.